ಹಳದಿ ಹೂ ಅವಳದಲ್ಲ

ಫೆಬ್ರವರಿ 2, ಸೋಮವಾರ

ನಮ್ಮನೆಯವರಿಗೆ,

ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೆ ಸ್ಲೇಟು ಮೂಲೆಗಿಟ್ಟು ಬಂದವಳು ನಾನು. ಆಮೇಲೆ ಈ ಕೈ ಹಿಡಿದದ್ದು ಆಸ್ಪತ್ರೆಯ ಒದ್ದೆ ಚಾದರ, ಇಸ್ತ್ರಿ ಯಂತ್ರದ ಹಿಡಿ, ಮನೆಯ ಪೊರಕೆ. ಇದು ನಿಮಗೂ ಗೊತ್ತು, ನಿಮ್ಮ ತಂಗಿಗೂ ಗೊತ್ತು. ಗೊತ್ತಿದ್ದೂ ಅವಳು ಫೋನಿನಲ್ಲಿ ಹೇಳುತ್ತಾಳೆ, "ಅತ್ತಿಗೆ, ಅಣ್ಣನ ಕೈಗೆ ಫೋನು ಕೊಟ್ಟರೆ ಹಾವು ಕೊಟ್ಟ ಹಾಗೆ ನೋಡ್ತಾನೆ, ನನಗೇ ವಾಪಸ್ ಕೊಡ್ತಾನೆ. ನೀವು ಒಂದು ಕಾಗದ ಬರೀರಿ, ಕಾಗದ ಆದ್ರೆ ಓದ್ತಾನೆ" ಅಂತ. ಓದುವವನಿಗೇನು ಕಷ್ಟ, ಬರೆಯುವವಳ ಸೊಂಟ ಬಿದ್ದುಹೋಗುತ್ತದೆ ಅಂತ ನಾನು ಹೇಳಿದೆ. ಅವಳು ನಕ್ಕಳು. ನಿಮ್ಮ ಮನೆಯವರಿಗೆಲ್ಲ ನಾನು ಸಿಟ್ಟಿನಲ್ಲಿ ಹೇಳಿದ್ದು ತಮಾಷೆಯಾಗಿ ಕೇಳಿಸುತ್ತದೆ, ತಮಾಷೆಗೆ ಹೇಳಿದ್ದು ಸಿಟ್ಟಾಗಿ ಕೇಳಿಸುತ್ತದೆ. ಇಷ್ಟು ವರ್ಷ ಆದರೂ ಒಬ್ಬರಿಗೂ ವ್ಯತ್ಯಾಸ ತಿಳಿಯಲಿಲ್ಲ.

ವಿಷಯ ಮೊದಲು ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಹಿತ್ತಲ ಬೇಲಿಯಾಚೆಯ ಬಯಲಿಗೆ ಬೆಂಕಿ ಕೊಡುತ್ತಾರೆ. ಈ ತಿಂಗಳ ಇಪ್ಪತ್ತನೇ ತಾರೀಖು. ನಮ್ಮ ಮಗಳು ಕಡ್ಡಿ ಬೀಜ ಹಾಕಿದ ಬಯಲೇ. ನನ್ನ ಒಪ್ಪಿಗೆಯಿಂದಲೇ ಕೊಡುತ್ತಾರೆ. ನೀವು ಇದನ್ನು ಬೇರೆ ಯಾರ ಬಾಯಿಂದಲೋ ಕೇಳಿ, ಅಲ್ಲಿ ಕೂತು, "ಅದನ್ನೂ ಬಿಡಲಿಲ್ಲವಲ್ಲೇ ನೀನು" ಅಂತ ಮತ್ತೊಂದು ಸಲ ಅನ್ನಬಾರದು. ಆ ಸಲ ಹೇಳದೆ ಮಾಡಿದೆ. ಈ ಸಲ ಹೇಳಿ ಮಾಡುತ್ತೇನೆ. ಅದಕ್ಕೇ ಈ ಕಾಗದ.

ಮನೆ ಇದ್ದಲ್ಲೇ ಇದೆ. ನಿಮ್ಮ ಹೊಲಿಗೆ ಮಷಿನ್ನಿಗೆ ಹಳೆಯ ಪರದೆ ಹೊದಿಸಿದ್ದೇನೆ. ಎಣ್ಣೆ ಬಿಟ್ಟಿಲ್ಲ, ತುಕ್ಕು ಹಿಡಿದರೆ ನನ್ನನ್ನು ಕೇಳಬೇಡಿ. ಬಚ್ಚಲಿನ ನಲ್ಲಿ ಸೋರುತ್ತಿತ್ತು, ನಾನೇ ಬಿಚ್ಚಿ ವಾಷರ್ ಹಾಕಿದೆ. ಊಟ ಮಾಡುತ್ತೇನೆ, ನಿದ್ದೆ ಮಾಡುತ್ತೇನೆ, ನನಗೇನೂ ಆಗಿಲ್ಲ. ಹೋದ ತಿಂಗಳು ದವಡೆ ಹಲ್ಲೊಂದನ್ನು ಕೀಳಿಸಿದೆ. ಡಾಕ್ಟರು ಸೂಜಿ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಕಡ್ಡಿಯಿಂದ ತಿವಿದು, "ಏನಾದ್ರೂ ಗೊತ್ತಾಗ್ತಿದೆಯಾ ಅಮ್ಮ" ಅಂತ ಕೇಳಿದರು. ಇಲ್ಲ ಅಂದೆ. ಮನೆಗೆ ಬಂದೆ, ಔಷಧಿ ಇಳಿಯಿತು, ದವಡೆ ನೋಯಲು ಶುರುವಾಯಿತು. ಪರವಾಗಿಲ್ಲವೇ, ಇದಾದರೂ ನೋಯುತ್ತದಲ್ಲ ಅಂದುಕೊಂಡೆ. ಎರಡು ದಿನಕ್ಕೆ ಅದೂ ಹೋಯಿತು.

ಇನ್ನು ಮುಂದೆ ನಿಮಗೆ ಗೊತ್ತಿದ್ದದ್ದನ್ನೇ ಬರೆಯುತ್ತೇನೆ. ಇವಳಿಗೆ ಅರಳುಮರಳು ಅಂದುಕೊಳ್ಳಬೇಡಿ. ನಿಮಗೆ ಗೊತ್ತಿರುವುದು ಅರ್ಧ. ಇನ್ನರ್ಧವನ್ನು ಇದರ ಪಕ್ಕದಲ್ಲೇ ಇಡಬೇಕು, ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ.

ನೀರು ಸರಬರಾಜು ಇಲಾಖೆಯವರು ಕಡ್ಡಿಗೆ ಆ ಬಯಲನ್ನು ಒಪ್ಪಿಸಿದ ದಿನ ನೆನಪಿದೆಯಲ್ಲ. ನಮ್ಮ ಬೇಲಿಯಿಂದ ಹಿಡಿದು ನೀರಿನ ದೊಡ್ಡ ಟ್ಯಾಂಕಿನ ಗೋಡೆಯವರೆಗೆ. ವರ್ಷಗಟ್ಟಲೆ ಯಾರೋ ಗುತ್ತಿಗೆಗೆ ಹಿಡಿದು, ಗೊಬ್ಬರ ಸುರಿದು, ಔಷಧಿ ಹೊಡೆದು, ಹಿಂಡಿ ಬಿಟ್ಟು ಹೋದ ನೆಲ. ಮಳೆ ಬಂದರೆ ಮಣ್ಣೆಲ್ಲ ತೊಳೆದು ಟ್ಯಾಂಕಿನ ಕಡೆ ಹರಿಯುತ್ತಿತ್ತು. ಅಲ್ಲಿ ನೇಗಿಲು ಬೀಳುವ ಮೊದಲು ಯಾವ ಹುಲ್ಲು ಇತ್ತೋ ಅದೇ ಹುಲ್ಲು, ಯಾವ ಹೂ ಇತ್ತೋ ಅದೇ ಹೂ ವಾಪಸ್ ಬರಬೇಕು ಅಂದಳು. ಹುಲ್ಲು ತಾನಾಗೇ ಬೆಳೆಯುತ್ತದೆ, ಅದಕ್ಕೆ ಒಬ್ಬಳು ಓದಿದವಳನ್ನು ಸಂಬಳ ಕೊಟ್ಟು ಇಡಬೇಕೇನೇ ಅಂತ ನಾನು ಕೇಳಿದೆ. "ತಾನಾಗೇ ಬೆಳೆಯೋದು ಕಳೆ ಅಮ್ಮ. ಹುಲ್ಲನ್ನ ಕರ್ಕೊಂಡು ಬರಬೇಕು" ಅಂದಳು. ನೀವು ಒಳಗಿಂದ, "ಹೆಣ್ಣು ಕರ್ಕೊಂಡು ಬರೋ ಹಾಗೆ ಹೇಳ್ತಾಳಲ್ಲೇ" ಅಂತ ನಕ್ಕಿರಿ.

ಬೀಜ ತರುವುದಕ್ಕೆ ಅಪ್ಪ ಮಗಳು ಚೀಲ ಹಿಡಿದು ಹೊರಟಿರಿ. ರೈಲು ಹಳಿಯ ಪಕ್ಕ, ಹಳೆಯ ಸ್ಮಶಾನದ ಗೋಡೆಯ ಹಿಂದೆ, ನೇಗಿಲು ತಾಗದೆ ಉಳಿದ ಚೂರುಪಾರು ಜಾಗವೆಲ್ಲ ತಿರುಗಿ ಬಂದಿರಿ. ಜನ ನೋಡಿ ನಗುತ್ತಿದ್ದರಂತೆ. ಎದುರು ಮನೆ ಮೇಷ್ಟ್ರು ಅಂತೂ, "ಏನು ಟೈಲರ್ ಸಾಹೇಬರೇ, ಹಸು ಕಟ್ಟೋ ಯೋಚನೆನಾ" ಅಂತ ಗೇಟಿನ ಹತ್ತಿರವೇ ನಿಂತು ಕೇಳಿದರು. ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಜಾತಿಯ ಬೀಜಕ್ಕೆ ಕೂದಲಿನಂಥ ಉದ್ದ ಬಾಲ; ಒದ್ದೆಯಾದರೆ ಅದು ತಾನೇ ತಿರುಚಿಕೊಂಡು ಮಣ್ಣಿಗೆ ಇಳಿಯುತ್ತದೆ ಅಂತ ಅವಳು ಹೇಳಿದಾಗ ನೀವು ನಂಬಲಿಲ್ಲ. ಅಂಗೈಯಲ್ಲಿಟ್ಟು ಉಗುಳು ಹಚ್ಚಿದಿರಿ. ಅದು ನಿಧಾನವಾಗಿ ತಿರುಗಿತು. "ಲೇ, ಇದು ನನಗಿಂತ ಚೆನ್ನಾಗಿ ಹೊಲಿಯುತ್ತಲ್ಲೇ" ಅಂದಿರಿ. ಆ ವಾರವೆಲ್ಲ ನಿಮ್ಮ ಪ್ಯಾಂಟಿನ ಕಾಲಿನಿಂದ ಆ ಬೀಜ ಕೀಳುವುದೇ ನನ್ನ ಕೆಲಸ. ಮೂವತ್ತು ವರ್ಷ ಆಸ್ಪತ್ರೆಯ ಬಟ್ಟೆ ಒಗೆದಿದ್ದೇನೆ, ಅಂಥ ಹಠಮಾರಿ ಕೊಳೆ ನೋಡಿರಲಿಲ್ಲ.

ಆಮೇಲೆ ಮರಳಿನಲ್ಲಿ ಕಲಸಿ ಎರಚಿದ್ದು, ಮಣ್ಣು ಮುಚ್ಚಬಾರದು ಬರೀ ಒತ್ತಬೇಕು ಅಂತ ಶಾಲೆಯ ಆಟದ ಮೈದಾನದಿಂದ ರೋಲರ್ ತಂದು ನಾವು ಮೂವರೂ ಎಳೆದದ್ದು. ನೀವು ಪ್ರೀತಿಯಿಂದ ಎಲ್ಲಿಂದಲೋ ಎರಡು ಮೂಟೆ ಗೊಬ್ಬರ ಹೊರಿಸಿಕೊಂಡು ಬಂದಿರಿ. ಅವಳು ಅದನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. "ಅಪ್ಪಾ, ಇದನ್ನ ಹಾಕಿದ್ರೆ ಕಳೆಗೆ ಎಲೆ ಹಾಕಿ ಊಟಕ್ಕೆ ಕೂರಿಸಿದ ಹಾಗೆ. ನಮ್ಮ ಹುಲ್ಲಿಗೆ ಬಡ ನೆಲಾನೇ ಸರಿ" ಅಂದಳು. ನೀವು ಮುಖ ಊದಿಸಿಕೊಂಡು ಒಳಗೆ ಹೋಗಿ ಮಷಿನ್ ತುಳಿಯಲು ಕೂತಿರಿ. ಟಕಟಕ ಅಂತ ಕೋಪ ತೋರಿಸಿ ತುಳಿಯುತ್ತಿದ್ದಿರಿ, ಹೊರಗೆ ನಮಗೆ ಕೇಳುತ್ತಿತ್ತು.

ಇಲ್ಲಿಯವರೆಗೆ ನಿಮಗೆ ಗೊತ್ತು. ಇದರ ಮುಂದಿನದು ಗೊತ್ತಿಲ್ಲ.

ನೀವು ಒಳಗೆ ತುಳಿಯುತ್ತಿದ್ದಾಗ ನಾವಿಬ್ಬರೂ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳು ಕಾಲಿನ ಮಣ್ಣು ಕೆರೆಯುತ್ತ ಹೇಳಿದಳು, "ಅಮ್ಮ, ಮೊದಲನೇ ವರ್ಷ ಇಲ್ಲಿ ಏನು ಕಂಡರೂ ಅದು ನಮ್ಮದಲ್ಲ. ನೆಲದಲ್ಲಿ ಮೊದಲಿಂದ ಬಿದ್ದಿರೋ ಕಳೆ ಬೀಜ ಎದ್ದು ಕುಣಿಯುತ್ತೆ. ನಮ್ಮದು ಕಾಣೋದೇ ಇಲ್ಲ, ಒಂದೆರಡು ಎಲೆ ಬಿಟ್ಟು ಸುಮ್ಮನೆ ಕೆಳಗೆ ಬೇರು ಬಿಡ್ತಿರುತ್ತೆ. ಕಳೆ ಮೊಣಕಾಲುದ್ದ ದಾಟಿದ ಕೂಡಲೇ ಕತ್ತರಿಸಬೇಕು. ನೆಲಕ್ಕೆ ಹತ್ತಿ ಅಲ್ಲ, ಗೇಣು ಮೇಲೆ. ಬೀಜ ಕಟ್ಟೋಕೆ ಬಿಟ್ಟರೆ ನಮ್ಮದು ಕತ್ತಲಲ್ಲಿ ಸತ್ತು ಹೋಗುತ್ತೆ." ಹೂ ಬಿಟ್ಟರೆ ಅಂತ ಕೇಳಿದೆ. "ಹೂ ಬಿಟ್ಟರೂ. ಅಪ್ಪನಿಗೆ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ, ನೀನು ಹೇಳಿದ್ರೆ ಜಗಳ ಆಗುತ್ತೆ. ಅವರು ಅಯ್ಯೋ ಪಾಪ ಅಂತಾರೆ. ನಾನು ಊರಲ್ಲಿ ಇಲ್ಲದಿದ್ರೆ ನೀನು ಕತ್ತರಿಸು. ನಿನಗೆ ಹಾಗೆಲ್ಲ ಏನೂ ಅನ್ನಿಸಲ್ಲ ಅಲ್ವಾ" ಅಂದಳು.

ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ಇಲ್ಲ, ಏನೂ ಅನ್ನಿಸಲ್ಲ ಅಂದೆ.

ಮಳೆ ಬಿತ್ತು. ನೆಲ ಹಸಿರಾಗುವಷ್ಟರಲ್ಲಿ ಅವಳು ಜ್ವರ ಅಂತ ಮಲಗಿದಳು. ನಾನು ಕೆಲಸ ಮಾಡಿದ ಅದೇ ಆಸ್ಪತ್ರೆ. ಅದರ ಬಗ್ಗೆ ಬರೆಯುವುದಿಲ್ಲ, ನೀವೂ ಅಲ್ಲೇ ಇದ್ದಿರಿ. ಒಂದು ಮಾತ್ರ ಹೇಳುತ್ತೇನೆ. ಅವಳ ಹಾಸಿಗೆಯ ಚಾದರದ ಒಂದು ಮೂಲೆಗೆ ನೀಲಿ ದಾರದ ತೇಪೆ ಇತ್ತು. ಅದು ನಮ್ಮ ಲಾಂಡ್ರಿಯಲ್ಲಿ ಹಾಕಿದ ತೇಪೆ, ಬಹುಶಃ ನಾನೇ ಹಾಕಿದ್ದು. ಆ ತೇಪೆಯ ಹೊಲಿಗೆ ಒಂದೊಂದೂ ಕಣ್ಣಿಗೆ ಕಟ್ಟಿದೆ. ಅವಳ ಮುಖ ನೆನಪು ಮಾಡಿಕೊಳ್ಳಲು ಹೋದರೆ ಫೋಟೋದಲ್ಲಿರುವ ಮುಖ ಬರುತ್ತದೆ. ನೀವು ಅತ್ತಿರಿ, ನಿಮ್ಮ ತಂಗಿ ಅತ್ತಳು, ಮೇಷ್ಟ್ರು ಕೂಡ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಬಂದವರಿಗೆ ಕುರ್ಚಿ ಸಾಲಲಿಲ್ಲ ಅಂತ ಪಕ್ಕದ ಮನೆಗೆ ಕುರ್ಚಿ ಕೇಳಲು ಹೋದೆ.

ಆಮೇಲೆ ಹಳದಿ ಹೂ ಬಂತು.

ಬಂದಾಗ ಹೇಗಿತ್ತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೇಲಿಯಿಂದ ಟ್ಯಾಂಕಿನವರೆಗೆ ಒಂದೇ ಹಳದಿ. ನೀವು ಹಿತ್ತಲ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟಿರಿ. ಅವಳು ಹೋದ ಮೇಲೆ ಆವತ್ತು ಮೊದಲ ಸಲ ನಿಮ್ಮ ಬಾಯಲ್ಲಿ ಅವಳ ಮಾತು ಬಂತು, "ಬಂದಳು ನೋಡೇ ಕಡ್ಡಿ" ಅಂತ. ಮರುದಿನದಿಂದ ಮಡಿಸುವ ಕುರ್ಚಿ ತೆಗೆದುಕೊಂಡು ಹೋಗಿ ಆ ಹೂವಿನ ನಡುವೆ ಕೂರುವುದು. ಬೆಳಿಗ್ಗೆ ಹೋದರೆ ಊಟಕ್ಕೆ ನಾನು ಕೂಗಬೇಕು. ಮಾತು ಶುರುವಾಯಿತು ನಿಮಗೆ. ತಿನ್ನಲು ಶುರು ಮಾಡಿದಿರಿ. ಮೇಷ್ಟ್ರನ್ನು ಬೇಲಿಯ ಹತ್ತಿರ ಕರೆದು, "ನನ್ನ ಮಗಳು ಹಾಕಿದ್ದು ಸಾರ್" ಅಂತ ತೋರಿಸಿದಿರಿ. ಅವರೂ ಈ ಸಲ ಹಸುವಿನ ಮಾತು ಎತ್ತಲಿಲ್ಲ.

ಅದು ಕಳೆ. ಹಳದಿಯದೆಲ್ಲ ಕಳೆ. ಅವಳು ಹಾಕಿದ ಬೀಜದಲ್ಲಿ ಹಳದಿ ಒಂದೂ ಇರಲಿಲ್ಲ. ಮುಂದಿನ ಕೋಣೆಯಲ್ಲಿ ಒಂದೊಂದು ರಾಶಿಗೂ ಹೂವಿನ ಬಣ್ಣ ಹೇಳಿಕೊಂಡೇ ತಾನೇ ಅವಳು ಬೀಜ ತಿಕ್ಕಿ ಬಿಡಿಸಿದ್ದು. ನೀವು ಆಗ ಬಾಲದ ಬೀಜದ ಆಟದಲ್ಲಿದ್ದಿರಿ, ಕೇಳಿಸಿಕೊಳ್ಳಲಿಲ್ಲ. ಅವಳು ನಿಮಗೆ ಹೇಳುತ್ತೇನೆ ಅಂದವಳು ಹೇಳದೆ ಹೋದಳು.

ಇಲಾಖೆಯವರು ಅವಳ ಜಾಗಕ್ಕೆ ಆಗ ಯಾರನ್ನೂ ಹಾಕಿರಲಿಲ್ಲ. ಫೋನು ಮಾಡಿದರೆ, ನೋಡೋಣ ಅಂತಿದ್ದರು. ಕಳೆ ಮೊಣಕಾಲು ದಾಟಿ ಸೊಂಟಕ್ಕೆ ಬಂತು. ನಾನು ದಿನಾ ಹೋಗಿ ಹೂವಿನ ಹಿಂದೆ ಕಾಯಿ ಕಟ್ಟಿತಾ ಅಂತ ಚಿವುಟಿ ನೋಡುತ್ತಿದ್ದೆ. ನೀವು, "ಬಾ, ಕೂತ್ಕೋ" ಅಂತಿದ್ದಿರಿ. ಕೆಲಸ ಇದೆ ಅಂತ ಬಂದುಬಿಡುತ್ತಿದ್ದೆ. ಒಂದು ದಿನ ಚಿವುಟಿದಾಗ ಒಳಗೆ ಬೀಜಕ್ಕೆ ಹಾಲು ತುಂಬಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆ ವಾರವೇ ನಿಮ್ಮ ಕಣ್ಣಿನ ಪೊರೆಯ ಆಪರೇಷನ್. ನಿಮ್ಮ ತಂಗಿ ಕಾರು ತಂದು ನಿಮ್ಮನ್ನು ಕರೆದುಕೊಂಡು ಹೋದಳು. ನಾನೂ ಬರುತ್ತೇನೆ ಅಂತ ಅವಳು ಅಂದುಕೊಂಡಿದ್ದಳು, ನಾನು ಸೊಂಟನೋವು ಅಂದೆ. ಹತ್ತುವಾಗ ನೀವು ಹೇಳಿದಿರಿ, "ಕಣ್ಣು ಸರಿಯಾಗಲಿ, ಅಷ್ಟೂ ಹೂ ಒಂದೊಂದಾಗಿ ನೋಡ್ತೀನಿ."

ಕಾರು ತಿರುವು ದಾಟಿದ ಮೇಲೆ ಅವಳ ಶೆಡ್ಡಿನಿಂದ ಕತ್ತರಿಸುವ ಮಷಿನ್ ತೆಗೆದೆ. ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ ಅವಳ ಅಳತೆಗೆ ಇತ್ತು, ನನಗೆ ಬಿಗಿಯಾಯಿತು. ಸಡಿಲ ಮಾಡಲು ಬರಲಿಲ್ಲ, ಹಾಗೇ ಹಾಕಿಕೊಂಡೆ. ನೀವು ಬರುವಷ್ಟರಲ್ಲಿ ಬಯಲು ಮುಗಿಯಬೇಕಿತ್ತು, ಮುಗಿಸಿದೆ. ನೆಲಕ್ಕೆ ಹತ್ತಿ ಅಲ್ಲ, ಗೇಣು ಮೇಲೆ. ನಿಮ್ಮ ಕುರ್ಚಿಯ ಸುತ್ತ ಒಂದು ಚೂರು ಬಿಟ್ಟಿದ್ದೆ. ಆಮೇಲೆ ಹೋಗಿ ಅದನ್ನೂ ಕತ್ತರಿಸಿದೆ. ಅರ್ಧಂಬರ್ಧ ಕೆಲಸ ನನಗೆ ಆಗುವುದಿಲ್ಲ. ಏನಾದರೂ ಅನ್ನಿಸಿತಾ ಅಂದರೆ, ಇಲ್ಲ. ಮಷಿನ್ನಿನ ಸದ್ದು ಕಿವಿ ತುಂಬ ಇತ್ತು, ಲಾಂಡ್ರಿಯಲ್ಲಿದ್ದ ಹಾಗೇ ಇತ್ತು. ಕತ್ತರಿಸಿದ್ದರ ವಾಸನೆ ಮಾತ್ರ ತಲೆಗೂದಲಿಗೆ ಹಿಡಿದು ಎರಡು ಸಲ ಸ್ನಾನ ಮಾಡಿದರೂ ಹೋಗಲಿಲ್ಲ.

ನೀವು ಕಪ್ಪು ಕನ್ನಡಕ ಹಾಕಿಕೊಂಡು ಬಂದಿರಿ. ಚಪ್ಪಲಿ ಕೂಡ ಬಿಡದೆ ನೇರ ಹಿತ್ತಲಿಗೆ ಹೋದಿರಿ. ಕನ್ನಡಕ ತೆಗೆದಿರಿ. ಬಿಸಿಲಿಗೆ ತೆಗೆಯಬಾರದು ಅಂತ ನಿಮ್ಮ ತಂಗಿ ಕೂಗುತ್ತಿದ್ದಳು. ಆಗ ನೀವು ಹೇಳಿದ್ದು ಅದೊಂದೇ ಮಾತು, "ಅದನ್ನೂ ಬಿಡಲಿಲ್ಲವಲ್ಲೇ ನೀನು" ಅಂತ. ನಾನು ಹೇಳಿದ್ದು, "ಹೌದು, ಬಿಡಲಿಲ್ಲ. ಚಪ್ಪಲಿ ಹೊರಗೆ ಬಿಡಿ, ಈಗಷ್ಟೇ ನೆಲ ಒರೆಸಿದ್ದೀನಿ" ಅಂತ. ನೀವು ಕತ್ತರಿ, ಟೇಪು, ನಾಲ್ಕು ಅಂಗಿ ಚೀಲಕ್ಕೆ ಹಾಕಿಕೊಂಡು ಅದೇ ಕಾರಿನಲ್ಲಿ ಹೋದಿರಿ. ಎರಡು ವರ್ಷದ ಮೇಲಾಯಿತು.

ಕತ್ತರಿಸಿದ್ದು ತಪ್ಪು ಅಂತ ಬರೆಯುತ್ತಿಲ್ಲ. ಕತ್ತರಿಸಿದ್ದು ಸರಿ. ಈಗಲೂ ಕತ್ತರಿಸುತ್ತೇನೆ. ಮೊನ್ನೆ ಫೋನಿನಲ್ಲಿ ಇದನ್ನೆಲ್ಲ ನಿಮ್ಮ ತಂಗಿಗೆ ಹೇಳಿದೆ. "ಅಯ್ಯೋ ಅತ್ತಿಗೆ, ಅದು ಅವಳ ಹೂವಲ್ಲ ಅಂತ ಆವತ್ತೇ ಒಂದು ಮಾತು ಹೇಳಬಾರದಿತ್ತಾ" ಅಂತ ಅತ್ತಳು. ಅವಳಿಗೆ ಹೇಳುವುದು ಸುಲಭ. "ಬಂದಳು ನೋಡೇ" ಅಂತ ಊಟ ಮಾಡಲು ಶುರು ಮಾಡಿದ ಮನುಷ್ಯನ ಮುಂದೆ ನಿಂತು, ಅವಳು ಬಂದಿಲ್ಲ ಕಣ್ರೀ, ಅದು ಕಳೆ ಅಂತ ಯಾವ ಬಾಯಲ್ಲಿ ಹೇಳಲಿ? ನೀವು ನನ್ನ ಮೇಲಿನ ಸಿಟ್ಟಿನಲ್ಲಾದರೂ ಬದುಕಿರಬೇಕು ಅಂತ ಬೇಕಂತಲೇ ಹೇಳದೆ ಬಿಟ್ಟೆ ಅಂತ ಬರೆದರೆ ಕಾಗದ ಚೆನ್ನಾಗಿರುತ್ತದೆ. ಹಾಗೆಲ್ಲ ಯೋಚನೆ ಮಾಡುವ ಬುದ್ಧಿ ಆಗ ನನಗಿರಲಿಲ್ಲ. ಬಾಯಿ ಏಳಲಿಲ್ಲ, ಅಷ್ಟೇ.

ನೀವು ಹೋದ ಮೇಲೆ ಅವಳ ಜಾಗಕ್ಕೆ ಒಬ್ಬ ಬಂದ. ಯಾವಾಗಲೂ ತಲೆಗೆ ಬಟ್ಟೆಯ ಟೋಪಿ, ಹಾಗಾಗಿ ನನಗೆ ಅವನು ಟೋಪಿ. ಒಳ್ಳೆಯವನೇ, ಮಾತು ಜಾಸ್ತಿ. ಮೊದಲ ದಿನ ಬಯಲಲ್ಲಿ ಮಂಡಿಯೂರಿ ಕೂತು, ಮಣ್ಣು ಕೆದಕಿ ನೋಡಿ, "ಯಾರಮ್ಮ ಕತ್ತರಿಸಿದ್ದು" ಅಂತ ಕೇಳಿದ. ನಾನೇ, ಏನೀಗ ಅಂದೆ. ಬೈಯುತ್ತಾನೆ ಅಂದುಕೊಂಡಿದ್ದೆ. "ನೀವು ಕತ್ತರಿಸದೇ ಇದ್ದಿದ್ರೆ ಮೇಡಂ ಹಾಕಿದ್ದು ಒಂದೂ ಉಳೀತಿರಲಿಲ್ಲ" ಅಂದ. ಹೌದಾ ಅಂದೆ. ನೀರು ಕುಡಿತೀಯಾ ಅಂತ ಕೇಳಿದೆ.

ಎರಡನೇ ವರ್ಷದ ಮಳೆಗೆ ಕಳೆ ಕಡಿಮೆಯಾಯಿತು, ಆದರೆ ಹುಲ್ಲೂ ಇಲ್ಲ ಹೂವೂ ಇಲ್ಲ, ಬೋಳು ತಲೆಯಲ್ಲಿ ನಾಲ್ಕು ಕೂದಲಿದ್ದ ಹಾಗೆ. ಮೇಷ್ಟ್ರು ಬೇಲಿಯ ಮೇಲಿಂದ ಬಗ್ಗಿ, "ಏನಮ್ಮ, ಸರಕಾರದ ಹುಲ್ಲು ರಜದ ಮೇಲಿದೆಯಾ" ಅಂದರು. ನಿಮ್ಮ ತಲೆಗಿಂತ ಸೊಂಪಾಗಿದೆ ಬಿಡಿ ಅಂದೆ. ಆ ವರ್ಷ ನಾನೂ ಟೋಪಿಯ ಜತೆ ಕೂತು ಕೈಯಲ್ಲಿ ಕಳೆ ಕಿತ್ತೆ. ಒಂದು ದಿನ ಅಂದಾಜು ತಪ್ಪಿತು. ಮೂರೇ ಎಲೆ, ಬೆರಳುದ್ದ, ಬಡಕಲು. ಕಳೆ ಅಂತ ಎಳೆದೆ. ಬರಲಿಲ್ಲ. ಸಿಟ್ಟು ಬಂದು ಎರಡು ಕೈ ಹಾಕಿ ಎಳೆದೆ. ಬೇರು ಬರುತ್ತಲೇ ಇತ್ತು. ಮೇಲಿದ್ದದ್ದು ಬೆರಳುದ್ದ, ಕೆಳಗಿದ್ದದ್ದು ನನ್ನ ಮೊಣಕೈವರೆಗೆ, ಅಲ್ಲಿಗೆ ಕಿತ್ತುಹೋಯಿತು, ಇನ್ನೂ ಕೆಳಗೆ ಎಷ್ಟಿತ್ತೋ. ಟೋಪಿ ಕೈಯಲ್ಲಿದ್ದ ಕಳೆ ಕೆಳಗಿಟ್ಟು ನೋಡಿದ. ಅದು ಅವಳದು ಅಂತ ಅವನ ಮುಖ ನೋಡಿ ಗೊತ್ತಾಯಿತು. ವಾಪಸ್ ಮಣ್ಣಿಗೆ ಇಟ್ಟು ಕಾಲಲ್ಲಿ ಒತ್ತಿದೆ. ಬದುಕುವುದಿಲ್ಲ ಅಂತ ನನಗೂ ಗೊತ್ತಿತ್ತು. ಆ ದಿನ ಹಸಿವಾಗಲಿಲ್ಲ. ದುಃಖ ಅಂತ ಅಲ್ಲ. ಹಸಿವಾಗಲಿಲ್ಲ.

ಮೂರನೇ ವರ್ಷ ಬಂತು. ಮಳೆ ಬಿದ್ದು ತಿಂಗಳಾಗುವಷ್ಟರಲ್ಲಿ ಹುಲ್ಲು ಯಾರೋ ಕರೆದ ಹಾಗೆ ಎದ್ದಿತು. ಕಾಂಡ ಕೆಂಪಗಿರುವುದು, ಬಾಲದ ಬೀಜದ್ದು, ತೆನೆ ಬೆಳ್ಳಗೆ ಹತ್ತಿಯಂತಿರುವುದು, ಎಲ್ಲ. ಮಣ್ಣು ತೊಳೆದುಹೋಗುವುದು ನಿಂತಿದೆ, ಟ್ಯಾಂಕಿನ ಕಡೆ ಈಗ ತಿಳಿ ನೀರು ಹೋಗುತ್ತದೆ. ಆಮೇಲೆ ಹೂ ಬಂತು. ನೀಲಿ, ಕೆನ್ನೇರಳೆ, ಬಿಳಿ, ಗಂಟೆಯ ಹಾಗೆ ತಲೆ ತಗ್ಗಿಸಿಕೊಂಡಿರುವ ಒಂದು ಜಾತಿ. ಚಿಟ್ಟೆ ಬಂದವು. ಚೆನ್ನಾಗಿತ್ತು. ಇದು ಅವಳದು. ಒಂದೊಂದೂ ಅವಳದೇ.

ಈಗ ಎಲ್ಲ ಒಣಗಿ ತಾಮ್ರದ ಬಣ್ಣಕ್ಕೆ ನಿಂತಿದೆ, ನನ್ನ ಸೊಂಟಕ್ಕಿಂತ ಮೇಲೆ. ಗಾಳಿ ಬಂದರೆ ಅಡುಗೆಮನೆಗೆ ಸದ್ದು ಕೇಳುತ್ತದೆ, ಮಡಿಕೆ ಬಿಚ್ಚಿದ ಗಂಜಿ ಬಟ್ಟೆಯ ಸದ್ದು. ಟೋಪಿ ಹೇಳುತ್ತಾನೆ, ಈ ಒಣಗಿದ್ದು ಹೀಗೇ ಬಿದ್ದು ಚಾಪೆಯಾದರೆ ಮುಂದಿನ ಮಳೆಗೆ ಚಿಗುರಿಗೆ ಬೆಳಕಿಲ್ಲ, ಹೂವಿನ ಗಿಡ ಮೊದಲು ಸಾಯುತ್ತವೆ ಅಂತ. ಅದಕ್ಕೆ ಬೆಂಕಿ. ಬೆಂಕಿ ದಾಟದ ಹಾಗೆ ಸುತ್ತ ಅಂಚು ಕೆತ್ತಿ, ನೀರಿನ ಗಾಡಿ ನಿಲ್ಲಿಸಿಕೊಂಡು, ಗಾಳಿ ನೋಡಿಕೊಂಡು ಕೊಡುತ್ತಾರೆ. ಮೇಲಿದ್ದದ್ದು ಹೋಗುತ್ತದೆ, ಬೇರಿಗೆ ಬಿಸಿಯೂ ತಾಗುವುದಿಲ್ಲವಂತೆ. ಮೊಣಕೈವರೆಗೆ ಎಳೆದು ನೋಡಿದವಳು ನಾನು, ನಂಬುತ್ತೇನೆ. ನೀವು ನೋಡಿಲ್ಲ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಅವನು ಇನ್ನೊಂದೂ ಹೇಳಿದ, "ಯಜಮಾನ್ರಿಗೆ ಇಷ್ಟ ಇಲ್ಲ ಅಂದ್ರೆ ಬೆಂಕಿ ಬೇಡ ಅಮ್ಮ. ಕೈಯಲ್ಲಿ ಕೊಯ್ಸಿ ಹೊರಗೆ ಹಾಕ್ಸೋಣ. ಜನ ಜಾಸ್ತಿ ಬೇಕು, ವಾರ ಮೊದಲೇ ಒಂದು ಮಾತು ಹೇಳಿದ್ರೆ ಸಾಕು." ಬೇಡ ಅನ್ನುವ ಹಾಗಿದ್ದರೆ ಅವರು ಇಲ್ಲಿಗೆ ಬಂದು, ಇದೇ ಬಯಲಲ್ಲಿ ನಿಂತು ಅನ್ನಲಿ, ತಂಗಿ ಮನೆಯ ಮಂಚದ ಮೇಲೆ ಕೂತು ಬೇಡ ಅಂದರೆ ನಾನು ಕೇಳುವವಳಲ್ಲ ಅಂತ ಹೇಳಿದ್ದೇನೆ.

ಹಾಗಾಗಿ ಬನ್ನಿ. ಬೆಂಕಿಗೆ ಮೊದಲು ಬನ್ನಿ. ಒಣಗಿದ್ದಾದರೂ ಒಂದು ಸಲ ಅದರೊಳಗೆ ನಡೆದು ನೋಡಿ. ಪ್ಯಾಂಟಿಗೆ ಬೀಜ ಹತ್ತಿದರೆ ಕೀಳುವುದಕ್ಕೆ ನಾನಿದ್ದೇನೆ ಅಂತೆಲ್ಲ ಬರೆಯುವುದಿಲ್ಲ, ನೀವೇ ಕಿತ್ತುಕೊಳ್ಳಿ. ಜಗಳ ಆಡುವುದಿದ್ದರೆ ಆಡಿ. ಈ ಮನೆಯಲ್ಲಿ ಎರಡು ವರ್ಷದಿಂದ ಎದುರು ಮಾತಾಡುವವರೇ ಇಲ್ಲ, ಬೈದರೆ ಗೋಡೆಗೆ ಬೈಯಬೇಕು. ಬರುವುದಿಲ್ಲ ಅಂದರೂ ಸರಿ, ನಾನು ಸಾಯುವುದಿಲ್ಲ. ಇಷ್ಟು ದಿನ ಹೇಗೋ ಇದ್ದೇನೆ, ಹಾಗೇ ಇರುತ್ತೇನೆ. ಆದರೆ ಹೂ ಅವಳದಲ್ಲ ಅಂತ ತಿಳಿದ ಮೇಲೂ ಬರುವುದಿಲ್ಲ ಅಂದರೆ, ಆಗ ನೀವು ಹೋದದ್ದು ಹೂವಿಗಾಗಿ ಅಲ್ಲ ಅಂತ ನನಗೆ ಗೊತ್ತಾಗುತ್ತದೆ. ಅದನ್ನು ಗೊತ್ತು ಮಾಡಿಕೊಂಡುಬಿಡೋಣ ಅಂತಲೇ ಬರೆದೆ.

ಕಣ್ಣಿಗೆ ಹಾಕುವ ಔಷಧಿ ಬಿಟ್ಟಿದ್ದೀರಂತೆ. ಬಿಡಬೇಡಿ. ಬೇರೆ ವಿಷಯ ಇಲ್ಲ.

ಇನ್ನೂ ಇದೇ ಮನೆಯಲ್ಲಿ, ಇನ್ನೂ ನಿಮ್ಮ ಹೆಂಡತಿಯಾಗಿ,
ನಾನು

ಮತ್ತೆ: ಮಡಿಸಿ ಕವರಿಗೆ ಹಾಕಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಈ ಸಲ ಹೂ ಬಂತು, ಚೆನ್ನಾಗಿತ್ತು ಅಂತ ಬರೆದಿದ್ದೇನಲ್ಲ, ಅದು ಟೋಪಿ ಹೇಳಿದ್ದು. ನಾನು ನೋಡಿಲ್ಲ. ಮೊದಲನೇ ನೀಲಿ ಹೂ ಬಿಟ್ಟಿದೆ ಬನ್ನಿ ಅಮ್ಮ ಅಂತ ಅವನು ಕೂಗಿದ ದಿನ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದವಳು, ಎಲ್ಲ ಉದುರಿ ಒಣಗಿತು ಅಂತ ತಿಳಿದ ಮೇಲೇ ತೆಗೆದೆ. ಕಾಲುನೋವು ಅಂತ ಹೇಳಿದ್ದೆ ಅವನಿಗೆ. ಕಿಟಕಿಗೆ ಚಾದರ ಕಟ್ಟಿದ್ದೆ. ನೋಡಿ ಏನೂ ಅನ್ನಿಸದೇ ಹೋದರೆ ಅಂತ ಹೆದರಿಕೆಯಾಯಿತು. ಬೆಂಕಿಯ ಮೇಲೆ ಮಳೆ ಬಿದ್ದರೆ ಮತ್ತೆ ಬರುತ್ತದಂತೆ, ಈ ಸಲಕ್ಕಿಂತ ಜಾಸ್ತಿ. ಒಬ್ಬಳೇ ಆದರೆ ಆಗಲೂ ಬಾಗಿಲು ತೆಗೆಯುವುದಿಲ್ಲ. ಬರುತ್ತೀರೋ ಇಲ್ಲವೋ, ಹನ್ನೆರಡನೇ ತಾರೀಖಿನೊಳಗೆ ಉತ್ತರ ಬೇಕು.